ಕೂಸಿನ ಊಟ ಮತ್ತು ಅಲರ್ಜಿಯ ಭಯ



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಮಹಿಳಾ ಸಂಘಗಳಲ್ಲಿ ಕೂಸಿನ ಆಹಾರದ ಮಾತು ತೆಗೆದಾಗ ನಾವು ಕೇಳುವ ಪ್ರಶ್ನೆ ಇದು: "ತತ್ತಿ ಕೊಟ್ರ ಮೈಮ್ಯಾಲ ಗುಳ್ಳಿ ಏಳ್ತಾವಂತ್ರಿ, ಶೇಂಗಾ ಪಿತ್ತ ಅಂತ್ರಿ. ಮತ್ತ ಏನ್ ಕೊಡೂದ್ರಿ?" ಹೀಗೆ ಒಂದೊಂದೇ ಬಿಡುತ್ತಾ ಹೋಗಿ, ವರ್ಷದ ಕೂಸಿಗೆ ಗಂಜಿತಿಳಿ ಮತ್ತು ಚಹಾದಲ್ಲಿ ಅದ್ದಿದ ಬಿಸ್ಕೀಟು ಮಾತ್ರ ಉಳಿಯುತ್ತದೆ. ಕೂಸು ತೂಕದಲ್ಲಿ ಹಿಂದೆ ಬೀಳುತ್ತದೆ.

ಆಹಾರದ ಅಲರ್ಜಿ ಇರುವುದು ನಿಜ, ಆದರೆ ನಮ್ಮಲ್ಲಿ ಅಪರೂಪ. 6ರಿಂದ 11 ವರ್ಷದ ಶಾಲಾ ಮಕ್ಕಳ ಬಗ್ಗೆ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಮಕ್ಕಳಲ್ಲಿ ಕಂಡದ್ದು ಶೇ. 0.14, ಅಂದರೆ ಸಾವಿರಕ್ಕೆ ಒಂದೆರಡು ಮಕ್ಕಳು. ತಡವಾಗಿ ಕೊಟ್ಟರೆ ಒಳ್ಳೆಯದು ಎಂದು ಮೊದಲು ಡಾಕ್ಟರರೂ ಹೇಳುತ್ತಿದ್ದರು. 2015ರಲ್ಲಿ ಲಂಡನ್ನಿನ ವೈದ್ಯರು 640 ಕೂಸುಗಳ ಪ್ರಯೋಗದ ಫಲಿತಾಂಶ ಹೇಳಿದರು: ಶೇಂಗಾ ಬಿಡಿಸಿದ ಮಕ್ಕಳಿಗಿಂತ ಬೇಗ ತಿನ್ನಿಸಿದ ಮಕ್ಕಳಲ್ಲೇ ಶೇಂಗಾ ಅಲರ್ಜಿ ಬಹಳ ಕಡಿಮೆ!

ಆರು ತಿಂಗಳ ತನಕ ತಾಯಿಯ ಹಾಲೊಂದೇ ಸಾಕು. ಅಲರ್ಜಿ ಆದೀತೆಂದು ಬಾಣಂತಿ ಬ್ಯಾಳಿ, ತತ್ತಿ ಬಿಡಬೇಕಾಗಿಲ್ಲ. ಆರು ತುಂಬಿದ ಮೇಲೆ ಹಾಲಿನ ಜೊತೆಗೆ ಜೋಳದ ಗಂಜಿ, ತೊಗರಿಬ್ಯಾಳಿ ಹಾಕಿ ನುಣ್ಣಗೆ ಕಿವುಚಿದ ಅನ್ನ ಶುರು ಮಾಡಿರಿ. ಹೊಸ ಪದಾರ್ಥ ಒಂದೊಂದೇ ಇರಲಿ. ಕೂಸು ಆರಾಮ ಇದ್ದ ದಿನ, ಮುಂಜಾನೆ, ಚಮಚದ ತುದಿಯಷ್ಟು ಕೊಟ್ಟು ಎರಡು-ಮೂರು ದಿನ ನೋಡಿರಿ. ತತ್ತಿ ಪೂರ್ತಿ ಬೆಂದಿರಬೇಕು. ಶೇಂಗಾ ಹುರಿದು ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿರಿ. ಇಡೀ ಕಾಳು ಐದು ವರ್ಷದ ತನಕ ಬೇಡವೇ ಬೇಡ, ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುತ್ತದೆ. ಮೈತುಂಬ ಇಸುಬು ಇರುವ ಕೂಸಿಗೆ ಮಾತ್ರ ತತ್ತಿ, ಶೇಂಗಾ ಕೊಡುವ ಮೊದಲು ಡಾಕ್ಟರರನ್ನು ಕೇಳಿರಿ.

ಅಲರ್ಜಿ ಇದ್ದರೆ ಸಾಮಾನ್ಯವಾಗಿ ತಿಂದ ಕೆಲ ನಿಮಿಷದಿಂದ ಎರಡು ತಾಸಿನೊಳಗೆ ಗೊತ್ತಾಗುತ್ತದೆ. ಮೈಮೇಲೆ ದದ್ದು, ತುಟಿ-ಕಣ್ಣು ಬಾವು, ಮೇಲಿಂದ ಮೇಲೆ ವಾಂತಿ. ಉಸಿರಾಟಕ್ಕೆ ಕಷ್ಟಪಟ್ಟರೆ, ಕೂಸು ಜೋಲು ಬಿದ್ದರೆ ಮನೆಮದ್ದು ಮಾಡುತ್ತಾ ಕೂಡಬೇಡಿರಿ, ಕೂಡಲೇ 108ಕ್ಕೆ ಫೋನ್ ಹಚ್ಚಿರಿ. ಇನ್ನು ಬರೀ ಭೇದಿ ಆದರೆ ಅಲರ್ಜಿ ಅನ್ನುವ ಮೊದಲು ಕುಡಿಯುವ ನೀರು, ನಮ್ಮ ಕೈ, ಕೂಸಿನ ಬಟ್ಟಲು ನೋಡೋಣ. ಹೆಚ್ಚಿನ ಸಲ ತಪ್ಪು ಅಲ್ಲೇ ಇರುತ್ತದೆ.

ಯಾವುದಾದರೂ ಒಂದು ಪದಾರ್ಥ ಆಗಿಬರದಿದ್ದರೆ ಅದೊಂದನ್ನೇ ನಿಲ್ಲಿಸಿ ಡಾಕ್ಟರರಿಗೆ ತೋರಿಸಿರಿ. ತತ್ತಿ ಆಗಲಿಲ್ಲವೆಂದು ಬ್ಯಾಳಿ, ಹಾಲು ಬಿಡಿಸಬೇಡಿರಿ. ಮುಂದೆ ಅಂಗನವಾಡಿಗೆ ಸೇರಿಸುವಾಗ ಅಲ್ಲಿಯ ಕಾರ್ಯಕರ್ತೆಗೂ ಇದನ್ನು ಹೇಳಿಡಿರಿ, ಅಲ್ಲಿ ಮಕ್ಕಳಿಗೆ ತತ್ತಿ ಕೊಡುತ್ತಾರೆ.