ಕಡತ ನಿಂತಲ್ಲೇ ನಿಂತಾಗ: ಕೆನಡಾದ ಕಾಯಂ ವಾಸದ ಅರ್ಜಿ ಮತ್ತು ಹಿನ್ನೆಲೆ ಪರಿಶೀಲನೆ

ಕೌಶಲದ ಆಧಾರದ ಮೇಲೆ ಕೆನಡಾದಲ್ಲಿ ಕಾಯಂ ವಾಸದ ಹಕ್ಕನ್ನು, ಅಂದರೆ ಅರ್ಜಿ ಹಾಕಿದವರ ಮನೆಗಳಲ್ಲಿ ಪಿಆರ್ ಎಂದೇ ಕರೆಯಲಾಗುವ ಸ್ಥಾನವನ್ನು, ಬಯಸುವವರಲ್ಲಿ ಬಹುಮಂದಿ 2015ರ ಜನವರಿಯಲ್ಲಿ ಆರಂಭವಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯನ್ನು ಹಾದುಹೋಗುತ್ತಾರೆ. ವಯಸ್ಸು, ವಿದ್ಯೆ, ಭಾಷೆ ಮತ್ತು ಅನುಭವಕ್ಕೆ ಅಂಕ ಕೊಟ್ಟು, ಹೆಚ್ಚು ಅಂಕ ಪಡೆದವರನ್ನು ಆಹ್ವಾನಿಸಿ, 60 ದಿನಗಳೊಳಗೆ ಪೂರ್ಣ ಅರ್ಜಿ ತರಿಸಿಕೊಳ್ಳುವ ಈ ವ್ಯವಸ್ಥೆಯಲ್ಲಿ ನೂರಕ್ಕೆ 80 ಅರ್ಜಿಗಳನ್ನು ಆರು ತಿಂಗಳಲ್ಲಿ ಇತ್ಯರ್ಥಪಡಿಸುವುದು ವಲಸೆ ಇಲಾಖೆ ತಾನೇ ಹಾಕಿಕೊಂಡಿರುವ ಗುರಿ. ಉಳಿದವರಿಗೆ ಅಂಥ ಗಡುವು ಯಾವುದೂ ಇಲ್ಲ, ಮತ್ತು ಅವರಲ್ಲಿ ಅನೇಕರು ನಿಲ್ಲುವ ಜಾಗ ಹಿನ್ನೆಲೆ ಪರಿಶೀಲನೆ. ಹಾಗೆ ನಿಂತವರ ಅನುಭವವನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅರ್ಜಿದಾರರಿಗೆ ನಿಜವಾದ ಪೆಟ್ಟು ಬೀಳುವುದು ಪರಿಶೀಲನೆಯಿಂದ ಅಪರೂಪ, ಅದು ನಡೆಯುತ್ತಿರುವಾಗ ಒಂದೊಂದಾಗಿ ಅವಧಿ ಮುಗಿಯುವ ಉಳಿದ ಕಾಗದಗಳಿಂದಲೇ ಹೆಚ್ಚು.

ಹಿನ್ನೆಲೆ ಪರಿಶೀಲನೆ ಎಂಬ ಒಂದೇ ಹೆಸರಿನಡಿ ಹಲವು ಕೆಲಸಗಳು ಸೇರಿವೆ. 2001ರ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆಯ 34ರಿಂದ 37ರವರೆಗಿನ ಕಲಮುಗಳು ದೇಶದ ಭದ್ರತೆ, ಮಾನವ ಹಕ್ಕುಗಳ ಉಲ್ಲಂಘನೆ, ಅಪರಾಧ ಮತ್ತು ಸಂಘಟಿತ ಅಪರಾಧದ ಕಾರಣಕ್ಕೆ ಯಾರನ್ನು ಒಳಗೆ ಬಿಡಬಾರದೆಂದು ಹೇಳುತ್ತವೆ. ಅರ್ಜಿದಾರರು ಈ ಯಾವುದಕ್ಕೂ ಒಳಪಡುವುದಿಲ್ಲ ಎಂಬುದು ಖಚಿತವಾಗುವವರೆಗೆ ಅಧಿಕಾರಿ ಅರ್ಜಿಯನ್ನು ಒಪ್ಪುವಂತಿಲ್ಲ. ಬೆರಳಚ್ಚಿನ ಮೂಲಕ ಅಪರಾಧ ದಾಖಲೆ ನೋಡುವುದು ರಾಷ್ಟ್ರೀಯ ಪೊಲೀಸ್ ಪಡೆಯ ಕೆಲಸವಾದರೆ, ಆಳವಾದ ಭದ್ರತಾ ತಪಾಸಣೆ ಬೇಕೆನಿಸಿದ ಕಡತಗಳು ಗಡಿ ಸೇವಾ ಸಂಸ್ಥೆಗೂ ಗುಪ್ತಚರ ಸಂಸ್ಥೆಗೂ ಹೋಗುತ್ತವೆ. ಆ ಸಂಸ್ಥೆಗಳು ಸಲಹೆ ಕೊಡುತ್ತವೆ, ತೀರ್ಮಾನ ವಲಸೆ ಅಧಿಕಾರಿಯದು. ಆದರೆ ಸಲಹೆ ಬರುವವರೆಗೆ ಆ ಅಧಿಕಾರಿಯ ಕೈಯೂ ಕಟ್ಟಿರುತ್ತದೆ. ಇದನ್ನು ತಿಳಿದುಕೊಳ್ಳದ ಕುಟುಂಬಗಳಲ್ಲಿ ವಿಳಂಬವೆಂದರೆ ಸಂಶಯ ಎಂಬ ಭಾವನೆ ಬೇರೂರಿ, ತಾವೇನು ತಪ್ಪು ಮಾಡಿದೆವೋ ಎಂದು ಹಳೆಯ ದಿನಗಳನ್ನೆಲ್ಲ ಕೆದಕುವ ಸಂಕಟ ಶುರುವಾಗುತ್ತದೆ. ಯಾವ ಕಳಂಕವೂ ಇಲ್ಲದವರ ಕಡತಗಳೂ ಈ ಸರದಿಯಲ್ಲಿ ಕೂರುತ್ತವೆ ಎಂಬ ಮಾತನ್ನು ಅಂಥವರಿಗೆ ಯಾರಾದರೂ ಮೊದಲೇ ಹೇಳಬೇಕು.

ಅರ್ಜಿದಾರರ ಆನ್‌ಲೈನ್ ಖಾತೆಯಲ್ಲಿ ಕಾಣುವುದು ಬಹಳ ಕಡಿಮೆ. ಅರ್ಹತೆ, ವೈದ್ಯಕೀಯ ತಪಾಸಣೆ, ಬೆರಳಚ್ಚು ಎಂಬ ಸಾಲುಗಳ ಕೆಳಗೆ ಹಿನ್ನೆಲೆ ಪರಿಶೀಲನೆಯ ಸಾಲು ಇರುತ್ತದೆ. ಪರಿಶೀಲನೆ ನಡೆಯುತ್ತಿದೆ, ಹೆಚ್ಚಿನ ಮಾಹಿತಿ ಬೇಕಾದರೆ ತಿಳಿಸುತ್ತೇವೆ ಎಂಬ ವಾಕ್ಯ ಅಲ್ಲಿ ತಿಂಗಳುಗಟ್ಟಲೆ ಅಕ್ಷರವೂ ಬದಲಾಗದೆ ನಿಂತಿರುತ್ತದೆ. ಇದಕ್ಕಿಂತ ಹೆಚ್ಚು ತಿಳಿಯಲು ಇರುವ ದಾರಿ ಜಿಸಿಎಂಎಸ್ ಟಿಪ್ಪಣಿ, ಅಂದರೆ ಇಲಾಖೆಯ ಒಳ ಗಣಕ ವ್ಯವಸ್ಥೆಯಲ್ಲಿ ಕಡತದ ಬಗ್ಗೆ ದಾಖಲಾದ ಪುಟಗಳ ಪ್ರತಿ. 1983ರಿಂದ ಜಾರಿಯಲ್ಲಿರುವ ಮಾಹಿತಿ ಪಡೆಯುವ ಕಾಯ್ದೆಯಡಿ, ಕೆನಡಾದಲ್ಲಿರುವವರು ಐದು ಡಾಲರ್ ಶುಲ್ಕ ಕಟ್ಟಿ ಇದನ್ನು ಕೇಳಬಹುದು. 2022ರಿಂದ ಹೊರದೇಶದಲ್ಲಿರುವ ವಿದೇಶೀಯರೂ ಖಾಸಗಿತನದ ಕಾಯ್ದೆಯಡಿ ತಮ್ಮ ಮಾಹಿತಿ ಕೇಳುವ ಹಕ್ಕು ಪಡೆದಿದ್ದಾರೆ. ಬಂದ ಪುಟಗಳಲ್ಲಿ ಭದ್ರತೆಯ ಭಾಗವನ್ನು ಬಹುಮಟ್ಟಿಗೆ ಮುಚ್ಚಿರುತ್ತಾರೆ. ಆದರೂ ಅವುಗಳ ಪ್ರಯೋಜನ ದೊಡ್ಡದು, ಏಕೆಂದರೆ ಅರ್ಹತೆ ಪಾಸಾಗಿದೆ, ವೈದ್ಯಕೀಯ ಪಾಸಾಗಿದೆ, ಭದ್ರತೆಯೊಂದೇ ಬಾಕಿ ಎಂದು ಗೊತ್ತಾದವರು ತಾವು ಮತ್ತೆ ಮತ್ತೆ ಕಳುಹಿಸುತ್ತಿದ್ದ ಸಂಬಳ ಚೀಟಿ, ಬ್ಯಾಂಕ್ ಪತ್ರಗಳನ್ನು ನಿಲ್ಲಿಸಬಹುದು. ಅರ್ಹತೆಯೇ ಬಾಕಿಯಿದ್ದರೆ ತೊಡಕು ಬೇರೆಲ್ಲೋ ಇದೆಯೆಂದು ತಿಳಿಯಬಹುದು.

ಅರ್ಜಿದಾರರ ಕೈಯಲ್ಲಿರುವ ಕೆಲಸ ಹೆಚ್ಚಾಗಿ ಅರ್ಜಿ ಸಲ್ಲಿಸುವ ಮುನ್ನವೇ ಮುಗಿಯಬೇಕು, ಮತ್ತು ಕರ್ನಾಟಕದಿಂದ ಹೋಗುವವರಿಗೆ ಅದು ಮೊದಲು ಎದುರಾಗುವುದು ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಊರು ಮತ್ತು ತಂದೆಯ ಹೆಸರು ಇನಿಷಿಯಲ್‌ಗಳಾಗಿ ಮುಂದೆ ನಿಂತಿರುತ್ತವೆ, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿಕೊಂಡು ಹಿಂದೆ ಹೋಗಿರುತ್ತವೆ, ಹೆಣ್ಣುಮಕ್ಕಳ ಹೆಸರಿಗೆ ಮದುವೆಯ ನಂತರ ಗಂಡನ ಹೆಸರು ಸೇರಿರುತ್ತದೆ, ಲಕ್ಷ್ಮಿ ಎಂಬ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೊಂದು ದಾಖಲೆಯಲ್ಲಿ ಒಂದೊಂದು ತೆರನಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ ಇಡೀ ಹೆಸರನ್ನು ಕುಲನಾಮದ ಕಾಲಮಿನಲ್ಲೇ ತುಂಬಿ ಮೊದಲ ಹೆಸರಿನ ಕಾಲಮನ್ನು ಬಿಟ್ಟುಬಿಡಬೇಕೆಂಬುದು ಇಲಾಖೆಯ ಸೂಚನೆ. ಮನುಷ್ಯ ಒಬ್ಬನೇ ಎಂಬುದು ಊರಿನವರಿಗೆಲ್ಲ ಗೊತ್ತಿರುವ ವಿಷಯವಾದರೂ, ಹೆಸರನ್ನು ಹೆಸರಿನೊಂದಿಗೆ ಹೋಲಿಸಿ ನೋಡುವ ವಿದೇಶದ ಅಧಿಕಾರಿಗೆ ಅದನ್ನು ತೋರಿಸಿಕೊಡುವುದು ಅರ್ಜಿದಾರರ ಹೊಣೆ. ಬಳಕೆಯಲ್ಲಿದ್ದ ಎಲ್ಲ ರೂಪಗಳನ್ನೂ ಅರ್ಜಿಯಲ್ಲಿ ಹೇಳಿ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಪ್ರಮಾಣಪತ್ರವನ್ನು ಮೊದಲೇ ಲಗತ್ತಿಸುವುದು ಕ್ಷೇಮ.

ಎರಡನೆಯದು ಹತ್ತು ವರ್ಷಗಳ ವೈಯಕ್ತಿಕ ಇತಿಹಾಸದ ಪಟ್ಟಿ, ಅಂದರೆ ಓದು, ಉದ್ಯೋಗ, ನಿರುದ್ಯೋಗ, ಪ್ರವಾಸ ಎಲ್ಲವನ್ನೂ ತಿಂಗಳು ಬಿಡದಂತೆ ತುಂಬಬೇಕಾದ ನಮೂನೆ. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಊರಿನಲ್ಲಿ ಕಳೆದ ಎರಡು ತಿಂಗಳು, ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾದ ಬೇಸಿಗೆ, ಬಾಣಂತನಕ್ಕೆ ತವರಿನಲ್ಲಿದ್ದ ಕಾಲ ಇವು ಲೆಕ್ಕಕ್ಕೆ ಬರುವುದಿಲ್ಲವೆಂದು ಬಿಟ್ಟರೆ ಪಟ್ಟಿಯಲ್ಲಿ ಅಷ್ಟು ಅಂತರ ಉಳಿಯುತ್ತದೆ, ಮತ್ತು ಪ್ರತಿ ಅಂತರವೂ ಒಂದು ಪ್ರಶ್ನೆಯಾಗಿ ಹಿಂತಿರುಗುತ್ತದೆ. ಸರ್ಕಾರಿ ಹುದ್ದೆ ಮತ್ತು ಸೇನಾ ಸೇವೆಗೆ ಅದರಲ್ಲಿ ಪ್ರತ್ಯೇಕ ಕೋಷ್ಟಕಗಳಿವೆ; ಬೆಂಗಳೂರಿನ ಎಚ್‌ಎಎಲ್ ಅಥವಾ ಡಿಆರ್‌ಡಿಒ ಪ್ರಯೋಗಾಲಯಗಳಂಥ ಕಡೆ ದುಡಿದವರು ವಿಭಾಗ, ದರ್ಜೆ, ಕೆಲಸದ ಸ್ವರೂಪವನ್ನು ಎಷ್ಟು ಬಿಡಿಸಿ ಬರೆದರೆ ಅಷ್ಟು ಒಳ್ಳೆಯದು. ಪೊಲೀಸ್ ಪ್ರಮಾಣಪತ್ರ ಅಥವಾ ಪಿಸಿಸಿ ಕಳೆದ ಹತ್ತು ವರ್ಷಗಳಲ್ಲಿ ಸತತ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಾಸಿಸಿದ ಪ್ರತಿ ದೇಶದಿಂದಲೂ ಬೇಕು; ಭಾರತದ್ದನ್ನು ಪಾಸ್‌ಪೋರ್ಟ್ ಕಚೇರಿ ಕೊಡುತ್ತದೆಯಾದರೂ ಅದರ ಹಿಂದೆ ಠಾಣೆಯ ವಿಳಾಸ ಪರಿಶೀಲನೆ ಇರುವುದರಿಂದ, ಬಾಡಿಗೆ ಮನೆ ಬದಲಿಸುತ್ತ ಬಂದವರು ಆಹ್ವಾನಕ್ಕೆ ಕಾಯದೆ ಅದಕ್ಕೆ ಅರ್ಜಿ ಹಾಕುವುದೇ ಸರಿ. ಮುಚ್ಚಿಟ್ಟ ಸಂಗತಿ ಮುಂದೆ ಬಯಲಾದರೆ ಕಾಯ್ದೆಯ 40ನೇ ಕಲಮಿನಡಿ ಐದು ವರ್ಷದ ನಿಷೇಧ ಬರಬಹುದು. ಹಳೆಯ ವೀಸಾ ನಿರಾಕರಣೆ ಇದ್ದರೆ ಅದನ್ನು ಹೇಳಿಬಿಡುವುದರಿಂದ ಆಗುವ ಹಾನಿ ಇದರ ಮುಂದೆ ಅತ್ಯಲ್ಪ.

ಅರ್ಜಿ ಒಳಗೆ ಹೋದ ಮೇಲೆ ನೋಡಿಕೊಳ್ಳಬೇಕಾದದ್ದು ಗಡುವುಗಳು. ವೈದ್ಯಕೀಯ ತಪಾಸಣೆಯ ಸಿಂಧುತ್ವ 12 ತಿಂಗಳು. ಭದ್ರತಾ ತಪಾಸಣೆ ಅದನ್ನು ಮೀರಿದರೆ ಇಲಾಖೆ ಮತ್ತೆ ವೈದ್ಯಕೀಯ ತಪಾಸಣೆಗೆ ಹೇಳಬಹುದು, ಆ ಸೂಚನೆ ಇಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಿದ್ದರೂ ಅದರಲ್ಲಿನ ಗಡುವು ನಿಲ್ಲುವುದಿಲ್ಲ. ಕೆನಡಾದಲ್ಲೇ ಕೆಲಸ ಮಾಡುತ್ತಿರುವವರು ವರ್ಕ್ ಪರ್ಮಿಟ್ ಮುಗಿಯುವ ಮೊದಲೇ ವಿಸ್ತರಣೆ ಕೇಳಿದರೆ ತೀರ್ಮಾನ ಬರುವವರೆಗೆ ಹಳೆಯ ಷರತ್ತುಗಳಲ್ಲೇ ದುಡಿಯಬಹುದು. ಪಿಆರ್ ಅರ್ಜಿ ಬಾಕಿಯಿರುವವರಿಗೆಂದೇ ಬ್ರಿಡ್ಜಿಂಗ್ ಓಪನ್ ವರ್ಕ್ ಪರ್ಮಿಟ್ ಎಂಬ ಸೇತುವೆ ಪರವಾನಗಿಯೂ ಇದೆ. ಪರ್ಮಿಟ್ ಮುಗಿದ ಮರುದಿನ ವಿಸ್ತರಣೆ ಕೇಳಿದವರಿಗೆ ಹಳೆಯ ಷರತ್ತುಗಳಲ್ಲಿ ದುಡಿಯುವ ರಕ್ಷಣೆ ಸಿಗದು. ಮಕ್ಕಳ ವಯಸ್ಸಿನ ವಿಷಯದಲ್ಲಿ ಕಾನೂನು ಉದಾರವಾಗಿದೆ: ಪೂರ್ಣ ಅರ್ಜಿ ತಲುಪಿದ ದಿನದ ವಯಸ್ಸೇ ಲೆಕ್ಕ, ಆ ದಿನ 22 ತುಂಬಿರದ ಅವಿವಾಹಿತ ಮಗ ಅಥವಾ ಮಗಳು ಪರಿಶೀಲನೆ ಎಷ್ಟೇ ಎಳೆದರೂ ವಯಸ್ಸಿನ ಕಾರಣಕ್ಕೆ ಹೊರಗುಳಿಯುವುದಿಲ್ಲ. ಆದರೆ ನಡುವೆ ಅರ್ಜಿದಾರರಿಗೆ ಮದುವೆಯಾದರೆ, ಮಗು ಹುಟ್ಟಿದರೆ ಅದನ್ನು ತಿಳಿಸಲೇಬೇಕು. ತಿಳಿಸದೆ ಪಿಆರ್ ಪಡೆದವರು ಆ ಸಂಗಾತಿಯನ್ನೋ ಮಗುವನ್ನೋ ಮುಂದೆ ಕರೆಸಿಕೊಳ್ಳಲು ಹೋದಾಗ ನಿಯಮವೇ ಅಡ್ಡ ನಿಲ್ಲುತ್ತದೆ. ಇಡೀ ಪ್ರಕ್ರಿಯೆಯಲ್ಲಿ ಇದಕ್ಕಿಂತ ಕ್ರೂರ ಪರಿಣಾಮದ ಮರೆವು ಬೇರೊಂದಿಲ್ಲ.

ಕಾಗದ ಬರಲಿ, ಆಮೇಲೆ ನೋಡೋಣ ಎಂಬ ಮಾತು ಕಾಯುತ್ತಿರುವ ಮನೆಗಳಲ್ಲಿ ಎಲ್ಲ ನಿರ್ಧಾರಗಳ ಮೇಲೂ ಕೂರುತ್ತದೆ. ಮಗಳನ್ನು ಯಾವ ಶಾಲೆಗೆ ಸೇರಿಸುವುದು, ಊರಿನಲ್ಲಿರುವ ತಾಯಿಯ ಕಣ್ಣಿನ ಆಪರೇಷನ್ನಿಗೆ ಹೋಗುವುದೋ ಬೇಡವೋ, ಸಿಕ್ಕ ಬಡ್ತಿಯನ್ನು ಒಪ್ಪುವುದೋ ಬಿಡುವುದೋ ಎಲ್ಲವೂ ಮುಂದಕ್ಕೆ ಹೋಗುತ್ತವೆ, ಮತ್ತು ಮುಂದಕ್ಕೆ ಹೋದ ಕೆಲವು ಮತ್ತೆ ಕೈಗೆ ಬರುವುದಿಲ್ಲ. ಊರಿಗೆ ಹೋಗಿಬರುವುದರಿಂದ ಪರಿಶೀಲನೆ ನಿಲ್ಲುವುದಿಲ್ಲ. ಮರಳುವ ವೀಸಾ ಸಿಂಧುವಾಗಿದ್ದರೆ ಆ ಪ್ರಯಾಣವನ್ನು ತಡೆಯಲು ಸಕಾರಣವಿಲ್ಲ.

ಮೌನ ಅತಿಯಾದಾಗ ಕೇಳುವ ಹಕ್ಕೂ ಇದೆ. ಇಲಾಖೆಯ ವೆಬ್‌ಫಾರ್ಮ್ ಮೂಲಕ ವಿಚಾರಿಸಬಹುದು, ಕೆನಡಾದಲ್ಲಿರುವವರು ತಮ್ಮ ಕ್ಷೇತ್ರದ ಸಂಸದರ ಕಚೇರಿಯಿಂದ ವಿಚಾರಣೆ ಮಾಡಿಸಬಹುದು, ಕೊನೆಗೆ ಫೆಡರಲ್ ನ್ಯಾಯಾಲಯದಲ್ಲಿ ಪರಮಾದೇಶ ಕೋರಬಹುದು. ಪರಮಾದೇಶವೆಂದರೆ ಕಾನೂನು ಹೊರಿಸಿದ ಕರ್ತವ್ಯವನ್ನು ಮಾಡು ಎಂದು ನ್ಯಾಯಾಲಯ ಅಧಿಕಾರಿಗೆ ಕೊಡುವ ಆಜ್ಞೆ. ವಿಳಂಬ ಯಾವಾಗ ಅಸಮಂಜಸವಾಗುತ್ತದೆ ಎಂಬುದಕ್ಕೆ 1998ರ ಕೊನಿಯ್ ಪ್ರಕರಣ ಮೂರು ಅಳತೆಗಳನ್ನು ಹಾಕಿಕೊಟ್ಟಿದೆ: ಕೆಲಸದ ಸ್ವರೂಪ ಬೇಡುವುದಕ್ಕಿಂತ ಹೆಚ್ಚು ಕಾಲ ಹಿಡಿದಿರಬೇಕು, ಅದಕ್ಕೆ ಅರ್ಜಿದಾರರಾಗಲಿ ಅವರ ವಕೀಲರಾಗಲಿ ಕಾರಣರಾಗಿರಬಾರದು, ಇಲಾಖೆ ತೃಪ್ತಿಕರ ಸಮರ್ಥನೆ ಕೊಟ್ಟಿರಬಾರದು. ನ್ಯಾಯಾಲಯ ಕೊಡಿಸುವುದು ತೀರ್ಮಾನವನ್ನು, ಒಪ್ಪಿಗೆಯನ್ನಲ್ಲ. ಎರಡನೆಯ ಅಳತೆಯನ್ನು ಮುಟ್ಟಲು, ಕೇಳಿದ್ದನ್ನೆಲ್ಲ ಗಡುವಿನೊಳಗೆ ಕಳುಹಿಸಿದ್ದಕ್ಕೆ ಸ್ವೀಕೃತಿ ಪತ್ರಗಳು ಇರಬೇಕಾಗುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಅವನ್ನು ಜೋಡಿಸಿಡುವುದು ಲೇಸು. ಆಡಳಿತ ಮನಸ್ಸು ಮಾಡಿದರೆ ಸರದಿಯನ್ನು ಸಡಿಲಿಸಬಲ್ಲದು ಎಂಬುದಕ್ಕೆ ಅಮೆರಿಕದಲ್ಲಿ ಒಂದು ನಿದರ್ಶನವಿದೆ: 2008ರ ಫೆಬ್ರವರಿಯಲ್ಲಿ ಅಲ್ಲಿನ ವಲಸೆ ಸಂಸ್ಥೆ, ಎಫ್‌ಬಿಐಯ ಹೆಸರು ತಪಾಸಣೆ 180 ದಿನ ಮೀರಿ ಬಾಕಿಯಿದ್ದು ಉಳಿದೆಲ್ಲವೂ ಸರಿಯಿರುವ ಗ್ರೀನ್ ಕಾರ್ಡ್ ಅರ್ಜಿಗಳನ್ನು ಒಪ್ಪುವಂತೆ ತನ್ನ ಅಧಿಕಾರಿಗಳಿಗೆ ಸೂಚಿಸಿತು.

ಒಪ್ಪಿಗೆ ಬಂದ ಮೇಲೂ ಗಡುವು ಬೆನ್ನುಬಿಡುವುದಿಲ್ಲ. ಕಾಯಂ ವಾಸದ ದೃಢೀಕರಣ ಪತ್ರದ ಅವಧಿ ಸಾಮಾನ್ಯವಾಗಿ ವೈದ್ಯಕೀಯ ತಪಾಸಣೆ ಅಥವಾ ಪಾಸ್‌ಪೋರ್ಟ್ ಮುಗಿಯುವ ದಿನಕ್ಕೆ ಕಟ್ಟಿರುವುದರಿಂದ, ಬಹುಕಾಲ ಕಾದವರಿಗೆ ಹೊರಡಲು ಕೆಲವೇ ವಾರಗಳು ಸಿಗುವುದುಂಟು. ಮುಂದೆ ಪೌರತ್ವಕ್ಕೆ ಐದು ವರ್ಷಗಳಲ್ಲಿ 1,095 ದಿನ ಕೆನಡಾದಲ್ಲಿ ಇದ್ದಿರಬೇಕು. ಪಿಆರ್‌ಗೆ ಮುನ್ನ ತಾತ್ಕಾಲಿಕ ನಿವಾಸಿಯಾಗಿ ಅಲ್ಲೇ ಕಳೆದ ಪ್ರತಿ ದಿನವನ್ನು ಅರ್ಧ ದಿನವೆಂದು, ಗರಿಷ್ಠ 365 ದಿನಗಳವರೆಗೆ, ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಕಾಯುತ್ತಿದ್ದ ಕಾಲದ ಪರ್ಮಿಟ್‌ಗಳು, ಹಳೆಯ ಪಾಸ್‌ಪೋರ್ಟು, ಹೋಗಿಬಂದ ದಿನಾಂಕಗಳ ಟಿಪ್ಪಣಿ ಇವನ್ನು ಪಿಆರ್ ಕಾರ್ಡ್ ಕೈಸೇರಿದ ಮೇಲೂ ಎಸೆಯಬಾರದು.