ಜೋಡಿಸಿದಲ್ಲಿ ಕೌದಿ ಉಬ್ಬಿದರೆ

ಹೊಳೆನರಸೀಪುರದ ತಂಗಿ, ಹೊಲಿದು ಮುಗಿಸಿದ ಚೌಕಗಳನ್ನು ಜೋಡಿಸಿದಲ್ಲೆಲ್ಲ ಹಗ್ಗದ ಹಾಗೆ ಉಬ್ಬುತ್ತಿದೆ ಎಂದಿದ್ದೀರಿ. ಮಿಷನ್ನಿನ ತಪ್ಪಲ್ಲ, ಒಳಪದರವೂ ಹೊಲಿಗೆಗೆ ಸಿಕ್ಕಿಕೊಂಡಿದೆ. ಒಳಗಿನ ಹಳೆ ಸೀರೆಯನ್ನು ಅಂಚಿನಿಂದ ಅರ್ಧ ಇಂಚು ಒಳಕ್ಕೆ ಕತ್ತರಿಸಿ. ಮುಂದಿನ ಚೌಕಗಳಲ್ಲಿ ಕೈಹೊಲಿಗೆಯನ್ನು ಅಂಚಿಗೆ ಒಂದು ಇಂಚು ಇರುವಾಗಲೇ ನಿಲ್ಲಿಸಿ, ಇಲ್ಲದಿದ್ದರೆ ಪದರ ಬಿಡಿಸಲಾಗದು.

ಮೇಲ್ಬಟ್ಟೆಗಳನ್ನಷ್ಟೇ ಮುಖಕ್ಕೆ ಮುಖ ಸೇರಿಸಿ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಮಗುಚಿ ಹಾಕಿದಾಗ ಒಳಗಿನ ಸೀರೆಯ ಅಂಚುಗಳು ಒಂದಕ್ಕೊಂದು ತಾಗಬೇಕು, ಒಂದರ ಮೇಲೊಂದು ಏರಬಾರದು. ಹಿಂಬದಿಯ ಒಂದು ಬಟ್ಟೆಯನ್ನು ಹಾಗೇ ಹಾಸಿ, ಇನ್ನೊಂದರ ಅಂಚು ಮಡಚಿ ಅದರ ಮೇಲಿಟ್ಟು ಕೈಯಲ್ಲೇ ಹೆಮ್ಮಿಂಗ್ ಮಾಡಿ. ಮೊದಲು ಚೌಕಗಳನ್ನು ಸಾಲು ಮಾಡಿ, ಆಮೇಲೆ ಸಾಲಿಗೆ ಸಾಲು.

ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕವಂದಿಯಲ್ಲಿ ಈ ತಕರಾರೇ ಇಲ್ಲ. ಇಡೀ ಸೀರೆ ಹಾಸಿ, ಅಂಚಿನಿಂದ ತುಂಡು ಮಡಚಿಟ್ಟು ಹೊಲಿಯುತ್ತ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ನನಗೆ ಅದೇ ಹೆಚ್ಚು ಇಷ್ಟ. ಆದರೆ ಹಾಸನದ ಬಸ್ಸಿನಲ್ಲಿ ಕೂತು ಹೊಲಿಯುವ ನಿಮಗೆ ಚೌಕವೇ ಸರಿ, ಬ್ಯಾಗಿನಲ್ಲಿ ಹಿಡಿಸುತ್ತದೆ.

ಚನ್ನರಾಯಪಟ್ಟಣದ ಅಕ್ಕ ಕೊಟ್ಟ ಪಾಲಿಯೆಸ್ಟರ್ ಸೀರೆ ಒಳಪದರಕ್ಕೆ ಬೇಡ, ಜಾರುತ್ತದೆ. ಅರಕಲಗೂಡಿನ ಅತ್ತೆಯ ಹತ್ತಿ ಸೀರೆ ಒಳ್ಳೆಯದು; ಒಮ್ಮೆ ಒಗೆದು ಒಣಗಿಸಿದ ಮೇಲೆಯೇ ಕತ್ತರಿ ಹಾಕಿ.