ಆವಿಯ ಮೊದಲ ಹನಿ

ಪ್ರಶ್ನೆ: ಭೂಮಿಯೊಳಗಿನ ಶಾಖದಿಂದ ವಿದ್ಯುತ್ ತೆಗೆಯುವ ಸ್ಥಾವರಗಳಲ್ಲಿ ಆವಿಯ ಪೈಪುಗಳು ಬೇಗ ಹಾಳಾಗುತ್ತವಂತೆ. ಆವಿ ಎಂದರೆ ಶುದ್ಧ ನೀರಲ್ಲವೇ? ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಸಾಲದೇ?

ಉತ್ತರ: ಕಲ್ಲಿದ್ದಲು ಸ್ಥಾವರದಲ್ಲಿ ಬಾಯ್ಲರಿಗೆ ಬಿಡುವ ನೀರನ್ನು ಮೊದಲೇ ಶುದ್ಧ ಮಾಡಿರುತ್ತಾರೆ. ನೆಲದಾಳದ ಆವಿ ಹಾಗಲ್ಲ. ಬಿಸಿ ಬಂಡೆಗಳ ಸಂದಿಯಿಂದ ಮೇಲೇಳುವಾಗ ಇಂಗಾಲದ ಡೈಆಕ್ಸೈಡನ್ನೂ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನೂ ಹೊತ್ತು ತರುತ್ತದೆ. ಕೆಲವೆಡೆ ಹೈಡ್ರೋಜನ್ ಕ್ಲೋರೈಡ್ ಕೂಡ ಇರುತ್ತದೆ. ನನ್ನ ಮಟ್ಟಿಗೆ ಇವುಗಳಲ್ಲಿ ಅತಿ ಕೆಟ್ಟದ್ದು ಈ ಕೊನೆಯದೇ.

ಆವಿ ಚೆನ್ನಾಗಿ ಕಾದು ಒಣಗಿರುವ ತನಕ ಅದರಿಂದ ಪೈಪಿಗೆ ಹೆಚ್ಚಿನ ತೊಂದರೆಯಿಲ್ಲ. ಅನ್ನದ ಪಾತ್ರೆಯ ಮುಚ್ಚಳದ ಒಳಗೆ ಹನಿಗಟ್ಟುವುದನ್ನು ನೋಡಿದ್ದೀರಲ್ಲ? ಹಾಗೆಯೇ ವಾಲ್ವಿನ ಬಳಿಯೋ ತುಸು ತಣ್ಣಗಿರುವ ತಿರುವಿನಲ್ಲೋ ಆವಿ ಹನಿಯಾಗತೊಡಗಿದರೆ, ಹೈಡ್ರೋಜನ್ ಕ್ಲೋರೈಡ್ ಬಹುಪಾಲು ಆ ಮೊದಲ ಹನಿಗಳಿಗೇ ನುಗ್ಗಿ ಆಮ್ಲವಾಗುತ್ತದೆ. ನೀರು ಚೂರು, ಆಮ್ಲ ಬಹಳ. ಮುಂದೆ ಹನಿಗಳು ಹೆಚ್ಚಿದಂತೆ ಆಮ್ಲ ತೆಳುವಾಗುತ್ತದೆ. ಆದ್ದರಿಂದಲೇ ಉಳಿದ ಪೈಪು ಗಟ್ಟಿಯಾಗಿದ್ದರೂ ಒಂದು ಜಾಗದಲ್ಲಿ ಮಾತ್ರ ತೂತು ಬೀಳುವುದುಂಟು.

ಐಸ್‌ಲ್ಯಾಂಡಿನ ಕ್ರಾಫ್ಲಾದಲ್ಲಿ 2009ರಲ್ಲಿ ಕೊರೆದ ಬಾವಿಯೊಂದು ಸುಮಾರು 2,100 ಮೀಟರ್ ಆಳದಲ್ಲಿ, ಯಾರೂ ಎಣಿಸದಿದ್ದಾಗ, ಮ್ಯಾಗ್ಮಾಕ್ಕೇ, ಅಂದರೆ ಕರಗಿದ ಬಂಡೆಗೇ, ತಾಗಿತು. ಬಾವಿಯ ಬಾಯಲ್ಲೇ ಆವಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಎಂಥ ಸಂಪತ್ತು! ಆದರೆ ಅದರಲ್ಲಿ ಹೈಡ್ರೋಜನ್ ಕ್ಲೋರೈಡೂ ಇತ್ತು, ಸಿಲಿಕಾದ ಪುಡಿಯೂ ಇತ್ತು. ನೀರು ಸಿಂಪಡಿಸಿ ಆವಿಯನ್ನು ತೊಳೆದರೆ ಎರಡನ್ನೂ ತೆಗೆಯಬಹುದೆಂದು ಪ್ರಯೋಗಗಳು ತೋರಿಸಿದವು. ಅಷ್ಟರಲ್ಲಿ ವಾಲ್ವುಗಳು ಕೆಟ್ಟು, 2012ರಲ್ಲಿ ಬಾವಿಯನ್ನು ಮುಚ್ಚಬೇಕಾಯಿತು.

ಇನ್ನು ಸ್ಟೇನ್‌ಲೆಸ್ ಸ್ಟೀಲ್. ಬಿಸಿ, ಕ್ಲೋರೈಡ್, ಆಮ್ಲಜನಕ ಮೂರೂ ಕೂಡಿದ ಕಡೆ ನಮ್ಮ ಪಾತ್ರೆಗಳ ಜಾತಿಯ ಉಕ್ಕಿನಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ. ತೀರಾ ಗಡುಸಾದ ಉಕ್ಕನ್ನು ಹೈಡ್ರೋಜನ್ ಸಲ್ಫೈಡ್ ಸೀಳುತ್ತದೆ. ಹಾಗಾಗಿ ಬಹಳಷ್ಟು ಕಡೆ ಆವಿಯ ಪೈಪಿಗೆ ಬಳಸುವುದು ಸಾದಾ ಕಾರ್ಬನ್ ಉಕ್ಕನ್ನೇ. ಅದರ ಮೈಮೇಲೆ ಕಟ್ಟುವ ಕಬ್ಬಿಣದ ಸಲ್ಫೈಡಿನ ಕಪ್ಪು ಪದರವೇ ಅದಕ್ಕೆ ರಕ್ಷೆ. ಸ್ಥಾವರ ನಿಲ್ಲಿಸಿದಾಗ ಒದ್ದೆ ಪೈಪಿನೊಳಗೆ ಗಾಳಿ ಹೊಕ್ಕರೆ ಆ ಪದರ ಕೆಡುತ್ತದೆ. ಕೆಲಸವಿಲ್ಲದ ದಿನಗಳಲ್ಲೂ ಪೈಪನ್ನು ಕಾಯಬೇಕು.

ಕ್ಲೋರೈಡ್ ಇರುವ ಆವಿಗೆ ಕಾಸ್ಟಿಕ್ ಸೋಡಾ ಬೆರೆಸಿದ ನೀರು ಚಿಮುಕಿಸಿ ಆಮ್ಲವನ್ನು ಮುರಿಯುತ್ತಾರೆ. ಕ್ಯಾಲಿಫೋರ್ನಿಯಾದ ಗೀಸರ್ಸ್ ಎಂಬ ಭೂಶಾಖದ ತಾಣದಲ್ಲಿ ಹೀಗೆ ಮಾಡುತ್ತಾರೆ. 1904ರಲ್ಲಿ ನೆಲದ ಆವಿಯಿಂದ ಮೊದಲ ವಿದ್ಯುತ್ ದೀಪಗಳು ಹೊತ್ತಿದ ಇಟಲಿಯ ಲಾರ್ಡೆರೆಲ್ಲೋದಲ್ಲೂ ಇದೇ ಉಪಾಯ.